ಹನ್ನೆರಡೂವರೆ ಮಾವಂದಿರು

ಜಿಪಾರ್ ಮದುವೆಯಾಗಿ ಹೋದದ್ದು ಭೌತಶಾಸ್ತ್ರದ ಪುಸ್ತಕದೊಳಕ್ಕೆ ಎಂದು ಅತ್‌ಬಾಶಿಯ ಶಾಲೆಯ ಶಿಕ್ಷಕರು ಚಹಾ ಹೊತ್ತಿನಲ್ಲಿ ನಗಾಡುತ್ತಿದ್ದರು. ನಗುವುದಕ್ಕೆ ಕಾರಣವಿತ್ತು. ಅವಳ ಭಾವನ ಹೆಸರು ತೆಮಿರ್, ಅಂದರೆ ಆ ಸೀಮೆಯ ಮಾತಿನಲ್ಲಿ ಕಬ್ಬಿಣ. ಅತ್ತೆಯ ಹೆಸರು ಅನಾರ್‌ಕಾನ್, ಅದರ ‘ಅನಾರ್’ನಲ್ಲಿ ದಾಳಿಂಬೆ ಕೂತಿತ್ತು. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ನಾಲಿಗೆಗೆ ತರುವಂತಿಲ್ಲ, ಆ ಹೆಸರು ಅಡಗಿರುವ ಬೇರೆ ಮಾತನ್ನೂ ತರುವಂತಿಲ್ಲ. ಹಾಗಾಗಿ ಜಿಪಾರ್ ಬಾಯಲ್ಲಿ ದಾಳಿಂಬೆ ‘ಕೆಂಪು ಹಲ್ಲಿನ ಹಣ್ಣು’ ಆಗಿತ್ತು, ಕಬ್ಬಿಣ ‘ಕಪ್ಪುಗಟ್ಟಿ’ ಆಗಿತ್ತು. ಅಯಸ್ಕಾಂತ ಕಪ್ಪುಗಟ್ಟಿಯನ್ನು ತನ್ನೆಡೆಗೆ ಎಳೆಯುತ್ತದೆ ಎಂದು ಅವಳು ಪಾಠ ಹೇಳಿದಾಗ ಏಳನೇ ತರಗತಿಯ ಮಕ್ಕಳು ಕಣ್ಣು ಮಿಟುಕಿಸದೆ ಹಾಗೆಯೇ ಬರೆದುಕೊಂಡಿದ್ದರು. ಒಬ್ಬೊಬ್ಬರ ಮನೆಯಲ್ಲೂ ಇಂಥ ಒಬ್ಬ ಚಿಕ್ಕಮ್ಮನೋ ಅತ್ತಿಗೆಯೋ ಇದ್ದೇ ಇದ್ದಳು.

ಕಬ್ಬಿಣ, ದಾಳಿಂಬೆ ಹೇಗೋ ಸಾಗಿತು. ಎಡವಿದ್ದು ಮಾವನ ಹೆಸರಿಗೆ.

ಮಾವನ ಹೆಸರು ಕುಬಾತ್. ಕಸುವು, ತ್ರಾಣ ಎಂದು ಅರ್ಥ. ಯಾರು ಎಷ್ಟು ಕೆಲಸವನ್ನು ಎಷ್ಟು ಹೊತ್ತಿನಲ್ಲಿ ಮಾಡಿದರು ಎಂದು ಅಳೆಯುವುದಕ್ಕೆ ಪಠ್ಯಪುಸ್ತಕ ಬರೆದವರು ಇಟ್ಟ ಪದ ‘ಕುಬಾತ್ತುಲುಕ್’. ಹನ್ನೊಂದು ಪುಟದ ಒಂದು ಇಡೀ ಅಧ್ಯಾಯ ಅದರ ಮೇಲೆಯೇ ಇತ್ತು. ಮಗಳು ನಾಜಿಕ್‌ಗೆ ಹಾಲೂಡಿಸುತ್ತ ಕೂತಾಗ ಜಿಪಾರ್ ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದ್ದಳು. ಅರವತ್ತನಾಲ್ಕು ಸಲ.

ಅದೂ ಹೋಗಲಿ ಎಂದರೆ, ಆ ಹೆಸರಿನ ಒಡೆಯ ಇದ್ದದ್ದು ಅದೇ ಶಾಲೆಯಲ್ಲಿ. ಟ್ರ್ಯಾಕ್ಟರ್ ಓಡಿಸುವುದು ಬಿಟ್ಟ ಮೇಲೆ ಕುಬಾತ್ ಶಾಲೆಯ ಒಲೆಗಳನ್ನು ಉರಿಸುವ ಕೆಲಸಕ್ಕೆ ಸೇರಿದ್ದರು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಕೆಳಗಿನ ಕೊಟ್ಟಿಗೆಯಿಂದ ಎರಡು ಬಕೆಟ್ ಕಲ್ಲಿದ್ದಲು ಹೊತ್ತು ಇಪ್ಪತ್ತು ಮೆಟ್ಟಿಲು ಹತ್ತಿ, ಒಂದೊಂದು ತರಗತಿಯ ಒಲೆಗೂ ಸುರಿದು, ಇಳಿದು, ಮತ್ತೆ ಹತ್ತುವುದು ಅವರ ದಿನಚರಿ. ಕಿವಿ ಮಂದ ಎಂದು ಊರೇ ನಂಬಿತ್ತು. ಅವರಿಗೆ ಬೇಕಾದ್ದು ಮಾತ್ರ ಚೆನ್ನಾಗಿ ಕೇಳುತ್ತದೆ ಎಂಬುದು ಸೊಸೆಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು.

ನಾಜಿಕ್‌ಗೆ ಐದು ತಿಂಗಳು ತುಂಬಿದಾಗ ಜಿಪಾರ್ ಶಾಲೆಗೆ ಮರಳಿದ್ದಳು, ಅದೂ ತಾತ್ಕಾಲಿಕ ಆದೇಶದ ಮೇಲೆ. ನವೆಂಬರಿನ ಮೂರನೇ ವಾರ ಜಿಲ್ಲೆಯಿಂದ ಇನ್ಸ್‌ಪೆಕ್ಟರ್ ಬರುವವರಿದ್ದರು. ಏಳನೇ ತರಗತಿಯಲ್ಲಿ ಕೂತು ಅವಳ ಪಾಠ ನೋಡಿ ಒಳ್ಳೆಯದು ಎಂದು ಬರೆದರೆ ಕೆಲಸ ಕಾಯಂ. ಇಲ್ಲವಾದರೆ ಪಕ್ಕದ ಊರಿನ ಒಬ್ಬ ಮಾಸ್ತರರು ಬರಲು ಸಿದ್ಧರಿದ್ದರು, ಅವಳು ಮನೆಯಲ್ಲಿ ಹಸುವಿನ ಹಿಂದೆ ಬಕೆಟ್ ಹಿಡಿದು ಓಡಾಡಬಹುದಿತ್ತು. ಹಸುವಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಆದರೆ ಕಪ್ಪು ಹಲಗೆಯ ಮುಂದೆ ನಿಂತಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತಲ್ಲ, ಆ ಬೆನ್ನನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಪಾಠಪಟ್ಟಿಯ ಪ್ರಕಾರ ಆ ವಾರ ಬರುವುದು ಅದೇ ಅಧ್ಯಾಯ. ರಷ್ಯನ್ ಪದ ಹೇಳಿ ಜಾರಿಕೊಳ್ಳೋಣವೆಂದರೆ, ವಿಜ್ಞಾನದ ಪದಗಳನ್ನು ನಮ್ಮ ಭಾಷೆಯಲ್ಲೇ ಹೇಳಬೇಕು ಎಂದು ಹಿಂದಿನ ಸಲ ಬಂದಾಗ ಆ ಇನ್ಸ್‌ಪೆಕ್ಟರೇ ಕೆಂಪು ಶಾಯಿಯಲ್ಲಿ ಬರೆದು ಹೋಗಿದ್ದರು.

ಅತ್ತೆಯ ಬಳಿ ವಿಷಯ ಎತ್ತಿ ನೋಡಿದಳು. ಅನಾರ್‌ಕಾನ್ ಹಿಟ್ಟು ನಾದುತ್ತಿದ್ದರು. ನಾದುವುದನ್ನು ನಿಲ್ಲಿಸಲಿಲ್ಲ.

“ನಲವತ್ತೊಂದು ವರ್ಷದಿಂದ ನಾನೇ ಅಂದಿಲ್ಲ. ನೀನು ಹೋಗಿ ಮೂವತ್ತು ಮಕ್ಕಳ ಮುಂದೆ ಕೂಗ್ತೀಯಾ?”

“ಅದು ಪುಸ್ತಕದ ಪದ, ಅಪಾ,” ಎಂದಳು ಸೊಸೆ.

“ಪುಸ್ತಕದವ್ರಿಗೆ ನಿನ್ ಮಾವ ಏನೂ ಆಗ್ಬೇಕಿಲ್ಲ. ನಿಂಗೆ ಆಗ್ಬೇಕು.”

ಅಲ್ಲಿಗೆ ಮುಗಿಯಿತು. ಅನಾರ್‌ಕಾನ್ ತಮ್ಮ ಗಂಡನನ್ನು ಮೊದಲು ‘ಮಕ್ಕಳಪ್ಪ’ ಎನ್ನುತ್ತಿದ್ದರು, ಮಕ್ಕಳು ದೊಡ್ಡವರಾದ ಮೇಲೆ ‘ಮುದುಕಪ್ಪ’ ಎನ್ನುತ್ತಿದ್ದರು. ಮಾವನನ್ನೇ ಕೇಳೋಣವೆಂದರೆ, ಕೇಳಬೇಕಾದ್ದು ಅವರ ಹೆಸರಿನ ವಿಚಾರ, ಹೆಸರೆತ್ತದೆ ಕೇಳುವುದು ಹೇಗೆ? ಅಲ್ಲದೆ ಆ ಮನುಷ್ಯ, ಸೊಸೆ ಮತ್ತೆ ಕೆಲಸಕ್ಕೆ ಹೊರಟ ದಿನ ಯಾರೂ ಹೇಳದೆ ತೊಟ್ಟಿಲನ್ನು ಎತ್ತಿ ಬೆಚ್ಚಗಿನ ಗೋಡೆಯ ಪಕ್ಕಕ್ಕೆ ಇಟ್ಟವರು. ಅವರ ಮನಸ್ಸಿಗೆ ಒಂದು ಗೀರೂ ಆಗಬಾರದು ಎಂದು ಜಿಪಾರ್‌ಗೆ ನಿಜವಾಗಿ ಅನ್ನಿಸುತ್ತಿತ್ತು.

ಪದ ಹೇಳಲಾಗದಿದ್ದರೆ ವಸ್ತುವನ್ನೇ ತೋರಿಸಿದರಾಯಿತು ಎಂದು ನಿರ್ಧರಿಸಿದಳು.

ಇನ್ಸ್‌ಪೆಕ್ಟರ್ ಬರುವ ಹಿಂದಿನ ವಾರ ಮಕ್ಕಳನ್ನೆಲ್ಲ ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋದಳು. ಕೆಳಗಿನಿಂದ ಮೇಲಕ್ಕೆ ಮೂರು ಮೀಟರು, ಅದರ ಮೇಲೆ ಒಂದು ಗೇಣು. ಅಡುಗೆಮನೆಯಿಂದ ಹಿಟ್ಟಿನ ಮೂಟೆ ತೂಗುವ ತಕ್ಕಡಿ ತರಿಸಿ ಎಲ್ಲರನ್ನೂ ತೂಗಿದಳು. ಸೈಕಾಲ್ ಎಂಬ ಹುಡುಗಿ ನಲವತ್ತೈದು ಕಿಲೋ. ಆ ಮೈಯನ್ನು ಮೇಲಿನವರೆಗೆ ಎತ್ತಲು ಸಾವಿರದ ನಾನೂರ ನಲವತ್ತು ಜೂಲ್ ಕೆಲಸ. ಮೊದಲು ಅವಳನ್ನು ನಿಧಾನವಾಗಿ ಹತ್ತಿಸಿದಳು, ಆಮೇಲೆ ಓಡಿಸಿದಳು. ಓಡಿದಾಗ ನಾಲ್ಕು ಸೆಕೆಂಡು. ಎರಡು ಸಲವೂ ಹತ್ತಿದ್ದು ಅಷ್ಟೇ ಎತ್ತರ, ಎತ್ತಿದ್ದು ಅದೇ ಮೈ, ಕೆಲಸ ಒಂದೇ. ಹಾಗಾದರೆ ಬೇರೆಯಾದದ್ದು ಏನು ಎಂದು ಕೇಳಿದಳು. ಕೆಲಸವನ್ನು ಕಾಲದಿಂದ ಭಾಗಿಸಿ ನೋಡಿ ಎಂದಳು. ಸೈಕಾಲ್ ಭಾಗಿಸಿದಳು, ಮುನ್ನೂರ ಅರವತ್ತು ವ್ಯಾಟ್.

ಸೈಕಾಲ್ ನಾಲಿಗೆ ಚುರುಕಿನ ಹುಡುಗಿ. ಇದಕ್ಕೆ ಹೆಸರು ಏನೂ ಇಲ್ಲವೇ ಎಂದು ಕೇಳಿದಳು. ಗೊತ್ತಿದ್ದೇ ಕೇಳಿದಳು, ಪುಸ್ತಕ ಅವಳ ಕಂಕುಳಲ್ಲೇ ಇತ್ತು.

“ಇದೆ,” ಎಂದಳು ಜಿಪಾರ್. “ನಮ್ ಮಾವನ ಹೆಸರಿನ ಥರಾನೇ ಇದೆ.”

ಮರುದಿನ ನೋಟ್‌ಪುಸ್ತಕ ತಿದ್ದಲು ಕೂತವಳು ಕೆಂಪು ಪೆನ್ನು ಹಿಡಿದ ಕೈಯನ್ನು ಹಾಗೇ ಬಾಯಿಗೆ ಅಡ್ಡ ಹಿಡಿದಳು. ಮೂವತ್ತು ಪುಸ್ತಕಗಳಲ್ಲೂ ಒಂದೇ ಸೂತ್ರವಿತ್ತು. *ಮಾವ = ಕೆಲಸ ÷ ಕಾಲ.*

ತಿದ್ದಬೇಕಿತ್ತು. ತಿದ್ದಿ ಏನೆಂದು ಬರೆಯುವುದು? ಬಿಟ್ಟಳು. ಅಲ್ಲಿಂದ ಮುಂದೆ ಅದು ಅವಳ ಕೈಮೀರಿ ಬೆಳೆಯಿತು. ಮಕ್ಕಳಿಗೆ ಅಸಲಿ ಮಾವನನ್ನು ಅಳೆಯುವ ಹುಚ್ಚು ಹಿಡಿಯಿತು. ಅಡುಗೆಯಾಕೆಯನ್ನು ಒಳಗೆ ಹಾಕಿಕೊಂಡು, ತಕ್ಕಡಿ ಸರಿಯಿದೆಯೇ ಎಂದು ನೋಡಬೇಕು, ಸ್ವಲ್ಪ ನಿಲ್ಲಿ ಎಂದು ಕುಬಾತ್‌ರನ್ನು ಅದರ ಮೇಲೆ ನಿಲ್ಲಿಸಿದರು. ಎಪ್ಪತ್ತು ಕಿಲೋ. ಎರಡು ಬಕೆಟ್ ಕಲ್ಲಿದ್ದಲು ಇಪ್ಪತ್ತು ಕಿಲೋ. ಮೆಟ್ಟಿಲ ಕೆಳಗೆ ಅವಿತು ಮೊಬೈಲಿನಲ್ಲಿ ಹೊತ್ತು ನೋಡಿದರು, ಇಪ್ಪತ್ನಾಲ್ಕು ಸೆಕೆಂಡು. ಗುಣಿಸಿ ಭಾಗಿಸಿದಾಗ ನೂರ ಇಪ್ಪತ್ತು ವ್ಯಾಟ್. ಇದೇ ‘ಒಂದು ಮಾವ’ ಎಂದು ಠರಾವಾಯಿತು. ಸೈಕಾಲ್ ಮೂರು ಮಾವ. ಒಂದು ಕುದುರೆಶಕ್ತಿ ಆರು ಮಾವನಿಗಿಂತ ತುಸು ಜಾಸ್ತಿ ಎಂದು ಲೆಕ್ಕ ಬಂದಾಗ, ಅದು ಯಾರ ಕುದುರೆ ಎಂಬ ಮೇಲೆ ಅರ್ಧ ಪಿರಿಯಡ್ ಜಗಳವಾಯಿತು. ತೆಮಿರನ ಬೂದು ಕುದುರೆಯಾದರೆ ಎರಡು ಮಾವನೂ ಬಾರದು ಎಂದು ಹಿಂದಿನ ಬೆಂಚು ಪಟ್ಟು ಹಿಡಿಯಿತು. ಶಿಕ್ಷಕರ ಕೋಣೆಯ ಕರೆಂಟಿನ ಕೆಟಲ್ ಒಂದೂವರೆ ಸಾವಿರ ವ್ಯಾಟ್. ಅಂದರೆ ಶಿಕ್ಷಕರಿಗೆ ಒಂದು ಸುತ್ತು ಚಹಾ ಕಾಯಬೇಕಾದರೆ ಹನ್ನೆರಡೂವರೆ ಮಾವಂದಿರು ಒಟ್ಟಿಗೆ ಬಕೆಟ್ ಹೊತ್ತು ಮೆಟ್ಟಿಲು ಹತ್ತಬೇಕು. ಆ ಅರ್ಧ ಮಾವ ಯಾವ ಅರ್ಧ ಎಂದು ಯಾರೋ ಕೇಳಿದರು. ಜಿಪಾರ್ ಹಲಗೆಯ ಕಡೆ ತಿರುಗಿ ಭುಜ ಕುಲುಕುತ್ತ ನಿಂತಳು. ಮಕ್ಕಳಿಗೆ ಇಷ್ಟು ಚೆನ್ನಾಗಿ ಯಾವ ಪಾಠವೂ ತಲೆಗೆ ಹೋಗಿರಲಿಲ್ಲ ಎಂಬುದು ನಿಜ. ಇನ್ಸ್‌ಪೆಕ್ಟರ್ ಬರುವುದು ಸೋಮವಾರ ಎಂಬುದೂ ನಿಜ.

ಸೋಮವಾರ ಬಂದರು. ಜುಮಾಬೆಕ್ ಎಂದು ಹೆಸರು, ನೂರು ಕಿಲೋದ ಆಳು. ಮೆಟ್ಟಿಲು ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂತಾಗ ಬೆಂಚೇ ನಿಟ್ಟುಸಿರು ಬಿಟ್ಟಿತು. ಜಿಪಾರ್ ಪದವನ್ನು ಬದಿಗೆ ಸರಿಸಿ ಪಾಠವನ್ನು ಚೆನ್ನಾಗಿಯೇ ನಡೆಸಿದಳು. ‘ಇದು’ ಎಂದಳು, ‘ಅದು’ ಎಂದಳು, ‘ನಾವು ಹುಡುಕುತ್ತಿರುವುದು’ ಎಂದಳು. ಇನ್ನೇನು ಗಂಟೆ ಹೊಡೆಯಲು ಹದಿನೈದು ನಿಮಿಷ ಎನ್ನುವಾಗ ಇನ್ಸ್‌ಪೆಕ್ಟರ್ ಪಕ್ಕದಲ್ಲಿದ್ದ ಸೈಕಾಲಳ ನೋಟ್‌ಪುಸ್ತಕ ಎಳೆದುಕೊಂಡರು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

“ನಿಂಗೆ ಮದುವೆ ಆಗಿದೆಯೇನಮ್ಮಾ?”

“ಇಲ್ಲ ಅಗಾಯ್,” ಎಂದು ಸೈಕಾಲ್ ಎದ್ದು ನಿಂತಳು. “ಆದ್ರೂ ನನ್ ಮಾವ ಮುನ್ನೂರ ಅರವತ್ತು.”

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿ ಜಿಪಾರ್ ಕಡೆ ನೋಡಿದರು. ಕೆಲಸವನ್ನು ಕಾಲದಿಂದ ಭಾಗಿಸಿದರೆ ಬರುವುದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆ, ಇಡೀ ಪಿರಿಯಡ್ಡಿನಲ್ಲಿ ಅದನ್ನು ನೀವು ಒಮ್ಮೆಯೂ ಹೇಳಲಿಲ್ಲ, ಈಗ ಹೇಳಿ ಎಂದರು. ಗಟ್ಟಿ ದನಿಯೇನಲ್ಲ. ಪೆನ್ನಿನ ಮುಚ್ಚಳ ಮಾತ್ರ ತೆಗೆದರು.

ಅದೇ ಹೊತ್ತಿಗೆ ಬಾಗಿಲು ತೆರೆಯಿತು, ಎರಡು ಬಕೆಟ್ ಹಿಡಿದು ಮಾವ ಒಳಗೆ ಬಂದರು. ಗಂಟೆಗೊಮ್ಮೆ ಬರುವವರು, ಅವರನ್ನು ಬೇಡ ಎನ್ನಲಾಗದು. ಜಿಪಾರ್ ಬಾಯಿ ತೆರೆದಳು. ಅವರ ಮಸಿ ಹತ್ತಿದ ಮೀಸೆ ನೋಡಿದಳು. ಬಾಯಿ ಮುಚ್ಚಿದಳು.

“ಹೆಸರು ಹೇಳಿ, ಟೀಚರ್. ಏನದು?”

ಒಲೆಯ ಬಾಗಿಲು ತೆರೆದು ಕಲ್ಲಿದ್ದಲು ಸುರಿಯುತ್ತಿದ್ದ ಮುದುಕ ಹಿಂದಿರುಗಿ ನೋಡದೆ ಹೇಳಿದರು:

“ನಾನು.”

ನಗು ಮೊದಲು ಹಿಂದಿನ ಬೆಂಚಿನಿಂದ ಎದ್ದಿತು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ವಿಷಯವೇನೆಂದು ಇನ್ಸ್‌ಪೆಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಗಲ್ಲ ನಡುಗಿದ್ದು ಕಂಡಿತು. ತಮ್ಮ ಸೊಸೆಯೂ ಶುಕ್ರವಾರಕ್ಕೆ ‘ಶನಿವಾರದ ಹಿಂದಿನ ದಿನ’ ಎನ್ನುತ್ತಾಳೆ, ತಮ್ಮ ಹೆಸರಿನ ಜುಮಾ ಎಂದರೆ ಶುಕ್ರವಾರವಲ್ಲವೇ ಎಂದು ಒಪ್ಪಿಕೊಂಡರು. ಆದರೆ ಸೊಸೆ ಶಾಲೆಯಲ್ಲಿ ವಾರದ ದಿನಗಳ ಪಾಠ ಮಾಡುವುದಿಲ್ಲ, ನಿಯಮ ನಿಯಮವೇ ಎಂದೂ ಸೇರಿಸಿದರು.

ಕುಬಾತ್‌ರ ತಲೆಯಲ್ಲಿ ಬೇರೆಯೇ ಹುಳ ಕೊರೆಯುತ್ತಿತ್ತು. ಸೈಕಾಲಳ ಪಕ್ಕ ಹೋಗಿ, ಆ ಪುಸ್ತಕದಲ್ಲಿ ತಾನು ಎಷ್ಟು ಎಂದು ಕೇಳಿದರು. ನೂರ ಇಪ್ಪತ್ತು ಎಂದಳು. ನೀನು ಎಷ್ಟು ಎಂದರು. ಹೇಳಿದಳು.

“ಮೂರು ಪಟ್ಟಾ?” ಅವರು ಹುಡುಗಿಯ ತೋಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಈ ಹುಲ್ಲುಕಡ್ಡಿಯಾ?”

ಮುದುಕರ ಮುಖ ಕಂಡು ಜಿಪಾರ್ ತಲೆ ಓಡಿಸಿದಳು. ಇಂದು ಬೆಳಗಿನಿಂದ ಎಷ್ಟು ಸಲ ಹತ್ತಿದಿರಿ ಎಂದು ಕೇಳಿದಳು. ಹದಿನೈದು ಎಂದರು. ಅದನ್ನು ಹಲಗೆಯ ಮೇಲೆ ಬರೆದು, ಲೆಕ್ಕ ಮಾಡಿ ಎಂದು ಮಕ್ಕಳಿಗೆ ಬಿಟ್ಟಳು. ಒಂದು ಸಲಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು ಜೂಲ್, ಹದಿನೈದು ಸಲಕ್ಕೆ ನಲವತ್ಮೂರು ಸಾವಿರದ ಇನ್ನೂರು. ಅಷ್ಟು ಕೆಲಸ ಮಾಡಲು ಸೈಕಾಲ್ ಮೂವತ್ತು ಸಲ ಹತ್ತಬೇಕು. ಹತ್ತುತ್ತೇನೆ ಎಂದಳು ಸೈಕಾಲ್. ಇಡೀ ತರಗತಿ ಮೆಟ್ಟಿಲಿಗೆ ಓಡಿತು, ಇನ್ಸ್‌ಪೆಕ್ಟರ್ ಪೆನ್ನು ಹಿಡಿದುಕೊಂಡೇ ಹಿಂದೆ ಬಂದರು. ಪೈಪೋಟಿ ಎಂದರೆ ಕೂತಿರುವ ಜಾಯಮಾನ ಆ ಸೀಮೆಯಲ್ಲಿ ಯಾರಿಗೂ ಇಲ್ಲ.

ಮೊದಲ ಮೂರು ಸಲ ನಾಲ್ಕು ನಾಲ್ಕು ಸೆಕೆಂಡು. ಐದನೆಯದು ಏಳು. ಏಳನೆಯದು ಹದಿಮೂರು. ಎಂಟನೆಯ ಸಲ ಸೈಕಾಲ್ ಅರ್ಧ ಹತ್ತಿ ಮೆಟ್ಟಿಲ ಮೇಲೆಯೇ ಕೂತು, ಟೋಪಿಯಿಂದ ಗಾಳಿ ಬೀಸಿಕೊಂಡಳು. ಕುಬಾತ್ ಖಾಲಿ ಬಕೆಟ್ ಹಿಡಿದು ಅವಳ ಪಕ್ಕದಲ್ಲಿ ಇಳಿದು ಹೋದರು, ತುಂಬಿಸಿಕೊಂಡು ಹತ್ತಿ ಬಂದರು, ಇಪ್ಪತ್ನಾಲ್ಕು ಸೆಕೆಂಡು. ಇಳಿದರು, ಮತ್ತೆ ಬಂದರು, ಇಪ್ಪತ್ನಾಲ್ಕು. ಮೂರನೆಯ ಸಲ ಮಕ್ಕಳು ಹೊತ್ತು ನೋಡುವುದನ್ನೇ ಬಿಟ್ಟರು.

“ಓಟ ಗೆದ್ದೋಳು ಇವಳು,” ಎಂದಳು ಜಿಪಾರ್. “ಶಾಲೇನ ಬೆಚ್ಚಗಿಟ್ಟವ್ರು ಅವ್ರು. ಬೆಳಗ್ಗಿಂದ ಸುರಿದ ಶಕ್ತಿ ಬೇರೆ, ಒಂದು ಕ್ಷಣದಲ್ಲಿ ಎಷ್ಟು ಸುರೀತೀವಿ ಅನ್ನೋದು ಬೇರೆ. ಎರಡನ್ನೂ ಒಂದೇ ಹೆಸರಲ್ಲಿ ಕರೆದ್ರೆ ಇಬ್ಬರಲ್ಲಿ ಒಬ್ಬರಿಗೆ ಮೋಸ ಆಗುತ್ತೆ.”

ಇನ್ಸ್‌ಪೆಕ್ಟರ್ ಇದನ್ನು ಬರೆದುಕೊಂಡರು. ಬರೆದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಕೋಟು ಬಿಚ್ಚಿ ಸೈಕಾಲಳ ಕೈಗೆ ಕೊಟ್ಟು, ನನ್ನ ಕುಬಾತ್ತುಲುಕ್ ಎಷ್ಟು ನೋಡಿ ಎಂದು ತಾವೂ ಹೊರಟರು. ಮೇಲೆ ಮುಟ್ಟುವಷ್ಟರಲ್ಲಿ ಮೂವತ್ತೆರಡು ಸೆಕೆಂಡಾಗಿತ್ತು, ಮುಖ ಬೀಟ್‌ರೂಟಾಗಿತ್ತು. ಸರಿಯಾಗಿ ನೂರು ವ್ಯಾಟ್. ಒಂದು ಬಲ್ಬು ಎಂದು ಯಾರೋ ಪಿಸುಗುಟ್ಟಿದರು. ಕುಬಾತ್‌ರ ಮೀಸೆ ಆ ದಿನ ಮೊದಲ ಬಾರಿಗೆ ಮೇಲೇರಿತು.

ಆಗ ಬಂದರು ಅನಾರ್‌ಕಾನ್. ಹನ್ನೊಂದಕ್ಕೆ ಮೊಮ್ಮಗಳನ್ನು ಹಾಲಿಗೆಂದು ಶಾಲೆಗೆ ಹೊತ್ತು ತರುವುದು ಅವರ ನಿತ್ಯದ ಪರಿಪಾಠ. ಶಾಲಿನೊಳಗೆ ನಾಜಿಕ್ ಅಳಲು ಬಾಯಿ ಸಿದ್ಧ ಮಾಡಿಕೊಂಡಿತ್ತು. ಮೆಟ್ಟಿಲ ತುಂಬ ಮಕ್ಕಳು, ನಡುವೆ ಏದುಸಿರು ಬಿಡುವ ಅಧಿಕಾರಿ, ಪಕ್ಕದಲ್ಲಿ ಕೊಬ್ಬಿದ ಟಗರಿನಂತೆ ಎದೆ ಸೆಟೆಸಿ ನಿಂತ ಗಂಡ. ಇದೇನು ಎಂದು ಕೇಳಿದರು. ಮೆಟ್ಟಿಲು ಹತ್ತುವುದರಲ್ಲಿ ಯಾರ ಕುಬಾತ್ತುಲುಕ್ ಎಷ್ಟು ಎಂದು ಅಳೆಯುತ್ತಿದ್ದೇವೆ, ಸದ್ಯಕ್ಕೆ ದೊಡ್ಡವರಲ್ಲಿ ತಾತ ಮೊದಲು ಎಂದು ಮಕ್ಕಳು ವರದಿ ಒಪ್ಪಿಸಿದರು. ಆ ಪದ ಬಂದಾಗ ಅನಾರ್‌ಕಾನ್ ಮುಖ ಸಿಂಡರಿಸಿದರು. ‘ತಾತ ಮೊದಲು’ ಎಂದಾಗ ಹುಬ್ಬೇರಿಸಿದರು.

“ಇವ್ರಾ? ಬಾವಿಯಿಂದ ನೀರು ತನ್ನಿ ಅಂದ್ರೆ ದಾರೀಲಿ ಎರಡು ಸಲ ಕೂರೋವ್ರು.”

ತೂಗಿಸಿಕೊಳ್ಳಲು ಅವರು ಒಪ್ಪಲಿಲ್ಲ, ಹಿಟ್ಟಿನ ತಕ್ಕಡಿ ತನ್ನ ಗೌರವಕ್ಕೆ ಸಾಲದು ಎಂದರು. ಆಮೇಲೆ ಗಂಡಸರೆಲ್ಲ ಗೋಡೆ ಕಡೆ ತಿರುಗಬೇಕೆಂದು ಹೇಳಿ ನಿಂತರು. ಮಗುವೂ ಸೇರಿ ಎಂಬತ್ತು ಕಿಲೋ. ಪಾವಡೆಯ ಅಂಚು ಒಂದು ಕೈಯಲ್ಲಿ, ಮೊಮ್ಮಗಳು ಇನ್ನೊಂದು ಕೈಯಲ್ಲಿ, ತುಟಿ ಬಿಗಿಹಿಡಿದು ಹತ್ತಿದರು. ನಾಜಿಕ್ ಅಳುವುದನ್ನು ಮರೆತು ಕುಲುಕಾಟಕ್ಕೆ ಕೇಕೆ ಹಾಕಿತು. ಹದಿನಾರು ಸೆಕೆಂಡು.

ಲೆಕ್ಕ ಸೈಕಾಲಳ ಪಾಲಿಗೆ ಬಂತು. ಅವಳಿಗೆ ಇನ್ನೂ ದಮ್ಮು ಮರಳಿರಲಿಲ್ಲ. ಎಂಟಕ್ಕೆ ಸೊನ್ನೆ ಸೇರಿಸಿ, ಹೊಡೆದುಹಾಕಿ, ಮತ್ತೆ ಬರೆದಳು. ಅನಾರ್‌ಕಾನ್‌ಗೆ ಕಾಯುವ ತಾಳ್ಮೆ ಉಳಿಯಲಿಲ್ಲ.

“ಬೇಗ ಹೇಳೇ ಹುಡುಗಿ, ನನ್ ಕುಬಾತ್ತುಲುಕ್ ಎಷ್ಟು? ಮುದುಕಪ್ಪನಿಗಿಂತ ಜಾಸ್ತಿ ತಾನೇ?”

ಜಿಪಾರ್ ಅತ್ತೆಯನ್ನು ನೋಡಿದಳು. ಅತ್ತೆಗೆ ತಾವು ಏನಂದೆವು ಎಂಬುದು ಇನ್ನೂ ತಿಳಿದಿರಲಿಲ್ಲ. ಕುಬಾತ್ ಬಕೆಟ್ ಕೆಳಗಿಟ್ಟು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಏನಂದೆ?”

“ಏನಂದೆ?” ಎಂದು ಅನಾರ್‌ಕಾನ್ ತಮ್ಮನ್ನೇ ಕೇಳಿಕೊಂಡರು. ಕೈ ತಾನಾಗಿ ಬಾಯಿಗೆ ಹೋಯಿತು.

“ನಲವತ್ತೊಂದು ವರ್ಷ,” ಎಂದರು ಮುದುಕ, ಇನ್ಸ್‌ಪೆಕ್ಟರಿಗೆ ಸಾಕ್ಷಿ ಹೇಳುವಂತೆ. “ಇವಳ ಬಾಯಲ್ಲಿ ಹ್ಯಾಗ್ ಕೇಳುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇನ್ನೊಂದ್ಸಲ ಅನ್ನು.”

ಅನಾರ್‌ಕಾನ್ ಕೆಂಪಾದರು. ಆದರೆ ಸೋತು ಗೊತ್ತಿದ್ದ ಹೆಂಗಸಲ್ಲ.

“ನಿಮ್ ಹೆಸರು ಯಾರು ಅಂದ್ರು? ಕೊನೇಲಿ ಬಾಲ ಇತ್ತಲ್ಲ. ತುಲುಕ್ ಅಂತ ಇಷ್ಟುದ್ದ ಬಾಲ. ನಿಮಗೆ ಬಾಲ ಇದ್ಯಾ?”

ಸೈಕಾಲ್ ಆಗ ಲೆಕ್ಕ ಮುಗಿಸಿ ತಲೆಯೆತ್ತಿ, ನೂರ ಅರವತ್ತು, ತಾತನಿಗಿಂತ ನಲವತ್ತು ಜಾಸ್ತಿ ಎಂದು ಸಾರಿದಳು. ಮುದುಕರಿಗೆ ಅದು ಕೇಳಿಸಲಿಲ್ಲ. ಕಿವಿ ಮಂದ ಎಂದು ನಾವು ಮೊದಲೇ ಹೇಳಿದ್ದೇವೆ.

ಎಲ್ಲರೂ ತರಗತಿಗೆ ಮರಳಿದರು. ಇನ್ಸ್‌ಪೆಕ್ಟರ್ ಕೋಟು ತೊಟ್ಟು ಮತ್ತೆ ಅಧಿಕಾರಿಯಾದರು. ಪಾಠ ಚೆನ್ನಾಗಿತ್ತು, ಮಕ್ಕಳಿಗೆ ಎಲ್ಲ ತಿಳಿದಿದೆ, ಫಾರಂನಲ್ಲಿ ಒಂದೇ ಕಲಂ ಖಾಲಿ ಇದೆ ಎಂದು ಬೆರಳಿಟ್ಟು ತೋರಿಸಿದರು. ‘ಶಿಕ್ಷಕಿ ನಿಗದಿತ ಪದವನ್ನು ಬಳಸಿದರೇ?’ ಒಲೆ ಉರಿಸುವವರು ‘ನಾನು’ ಎಂದದ್ದನ್ನು, ಅತ್ತೆ ಬಳಸಿದ್ದನ್ನು ಅಲ್ಲಿ ಬರೆಯುವಂತಿಲ್ಲ.

ಜಿಪಾರ್ ನಾಜಿಕ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಲಗೆಯ ಮುಂದೆ ನಿಂತಿದ್ದಳು. ಮಗು ಅವಳ ಕುಪ್ಪಸದ ಗುಂಡಿ ಹಿಡಿದು ಎಳೆಯುತ್ತಿತ್ತು. ಬಾಗಿಲಲ್ಲಿ ಅತ್ತೆ, ಒಲೆಯ ಬಳಿ ಬೆನ್ನು ತೋರಿಸಿ ಕುಕ್ಕರುಗಾಲಲ್ಲಿ ಕೂತ ಮಾವ. ಅವಳು ಅತ್ತೆಯ ಮುಖ ನೋಡಿದಳು. ಈಗ ತಾನೇ ತಾವೇ ಕೊಟ್ಟ ತೀರ್ಪನ್ನು ಹಿಂತೆಗೆದುಕೊಳ್ಳಲು ಅನಾರ್‌ಕಾನ್‌ಗೆ ದಾರಿಯಿರಲಿಲ್ಲ.

“ಬಾಲ ಸಮೇತ ಅನ್ನು,” ಎಂದರು ಸಣ್ಣ ದನಿಯಲ್ಲಿ. “ಬಾಲ ಬಿಟ್ಯೋ, ಮನೇಲಿ ನೋಡ್ಕೋತೀನಿ.”

ಜಿಪಾರ್ ಉಸಿರೆಳೆದುಕೊಂಡಳು. ಮೂವತ್ತು ಮಕ್ಕಳು ಅವಳ ತುಟಿಗಳನ್ನೇ ನೋಡುತ್ತಿದ್ದರು. ಎರಡು ವರ್ಷ ಪಳಗಿದ ನಾಲಿಗೆ, ಅರ್ಧ ದಾರಿಯಲ್ಲಿ ಹಿಡಿದು ನಿಂತಿತು.

“ಕುಬಾತ್...”

“ಏನಮ್ಮಾ?” ಎಂದರು ಮಾವ ಒಲೆಯ ಕಡೆಯಿಂದ, ಬಹಳ ಮೃದುವಾಗಿ.

“...ತುಲುಕ್,” ಎಂದು ಜಿಪಾರ್ ಮುಗಿಸಿದಳು. ನಗುವಿನ ನಡುವೆ ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ಸ್‌ಪೆಕ್ಟರ್ ಮಾತ್ರ ಖಾಲಿ ಕಲಂನಲ್ಲಿ ‘ಬಳಸಿದರು, ಎರಡು ಕಂತಿನಲ್ಲಿ’ ಎಂದು ಬರೆದು ಸಹಿ ಹಾಕಿದರು.